ಓದಿದ ಊರಿಗೆ ಮತ್ತೆ ಓದಲು ಹೋದೆ

ನಾನು ಡಿಗ್ರಿ ಓದಿದ್ದು ಶಿವಮೊಗ್ಗದಲ್ಲಿ, ಎಂಬತ್ತರ ದಶಕದಲ್ಲಿ. ಆಮೇಲೆ ಆ ಊರಿಗೆ ಎಷ್ಟೋ ಸಲ ಹೋಗಿದ್ದೇನೆ. ಹೋದದ್ದೆಲ್ಲ ಮದುವೆಗೆ, ಇಲ್ಲಾ ಗೃಹಪ್ರವೇಶಕ್ಕೆ. ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು, ಸಂಜೆ ಬಸ್ಸಿಗೆ ವಾಪಸ್. ಊರು ನೋಡಲಿಕ್ಕೆ ಅಂತಲೇ ಹೋಗಿದ್ದು ಕಳೆದ ನವೆಂಬರಿನಲ್ಲಿ. ಅದಕ್ಕೆ ಕಾರಣ ಒಂದು ಭಾನುವಾರದ ತರಗತಿ.

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಶಾಸನ ಲಿಪಿ ಕಲಿಯಲು ಸೇರಿದೆ. ಮಗಳು ಯೋಗಕ್ಕೆ ಹೋಗು ಅಂದಳು. ಯಜಮಾನರು ಈಗಲಾದರೂ ಸುಮ್ನೆ ಕೂತ್ಕೋ ಅಂದರು. ನಾನು ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಹನ್ನೊಂದನೇ ಶತಮಾನದ ಅಕ್ಷರ ತಿದ್ದುತ್ತಾ ಕೂತೆ. ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಅಕ್ಷರ ನೋಡಲು ದುಂಡಗೆ, ಮುದ್ದಾಗಿರುತ್ತದೆ. ಸ್ವಲ್ಪ ಅಭ್ಯಾಸವಾದರೆ ಈಗಿನ ಅಕ್ಷರದ ಅಜ್ಜಿ ಯಾರು ಅಂತ ಗುರುತು ಹತ್ತುತ್ತದೆ. ಕದಂಬರ ಕಾಲಕ್ಕೆ ಹೋದರೆ ಮಾತ್ರ ತಲೆ ಕೆರೆದುಕೊಳ್ಳಬೇಕು.

ಕೆಲವು ತಿಂಗಳಾದ ಮೇಲೆ ಮೇಷ್ಟ್ರು ಒಂದು ಕೆಲಸ ಕೊಟ್ಟರು. "ಪುಸ್ತಕದ ಫೋಟೋ ನೋಡಿ ಓದಿದ್ದು ಸಾಕು. ನಿಮಗೆ ಗೊತ್ತಿರೋ ಊರಿಗೆ ಹೋಗಿ, ಕಲ್ಲಿನ ಮುಂದೆ ನಿಂತು ಓದ್ಕೊಂಡು ಬನ್ನಿ" ಅಂದರು. ಗೊತ್ತಿರುವ ಊರು ಅಂದರೆ ನನಗೆ ಶಿವಮೊಗ್ಗ. ಬಿ.ಎಲ್. ರೈಸ್ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಈ ಜಿಲ್ಲೆಗೆ ಒಂದು ಸಂಪುಟ ಸಾಲದೆ ಎರಡಾಗಿವೆ, 7 ಮತ್ತು 8. ಮೊದಲನೆಯದು 1902ರದ್ದು, ಎರಡನೆಯದು 1904ರದ್ದು. ಪುಟ ತಿರುವುತ್ತಾ ಹೋದರೆ ಶಿಕಾರಿಪುರ ತಾಲ್ಲೂಕೊಂದರಲ್ಲೇ ನೂರಾರು ಶಾಸನ. ತಾಳಗುಂದ, ಬಳ್ಳಿಗಾವಿ ಎರಡೂ ಆ ತಾಲ್ಲೂಕಿನವೇ. ನಾನು ಓದುವಾಗ ಶಿಕಾರಿಪುರ ಅಂದರೆ ಬಸ್ಸಿನ ಬೋರ್ಡು, ಅಷ್ಟೇ.

ಹೊರಡುವ ಮೊದಲು ಒಂದು ತೀರ್ಮಾನ ಮಾಡಿಕೊಂಡೆ. ಹಳೇ ವಿದ್ಯಾರ್ಥಿನಿಯಾಗಿ ಹೋಗಬಾರದು, ಪ್ರವಾಸಿಯಾಗಿ ಹೋಗಬೇಕು. ಹಳಬರು ಊರಿಗೆ ಹೋದರೆ ಏನು ಮಾಡುತ್ತಾರೆ ಅಂತ ಗೊತ್ತಲ್ಲ. ಇಲ್ಲಿ ಆ ಅಂಗಡಿ ಇತ್ತು, ಅಲ್ಲಿ ಆ ಮರ ಇತ್ತು, ಈಗ ಏನೂ ಉಳಿದಿಲ್ಲ ಅಂತ ಲೊಚಗುಟ್ಟುತ್ತಾ ತಿರುಗುತ್ತಾರೆ. ಅವರಿಗೆ ಇಲ್ಲದ್ದೇ ಕಾಣುತ್ತದೆ, ಇರುವುದು ಕಾಣುವುದಿಲ್ಲ. ಪ್ರವಾಸಿಗೆ ಆ ಕಾಟವಿಲ್ಲ. ಟಿಕೆಟ್ ತಗೊಂಡು ಒಳಗೆ ಹೋಗುತ್ತಾನೆ, ಗೊತ್ತಿಲ್ಲದ್ದನ್ನು ನಾಚಿಕೆ ಇಲ್ಲದೆ ಕೇಳುತ್ತಾನೆ.

ಇದನ್ನು ನನ್ನ ಗೆಳತಿಗೆ ಅರ್ಥ ಮಾಡಿಸುವುದೇ ಕಷ್ಟವಾಯಿತು. ಅವಳು ನನ್ನ ಹಾಸ್ಟೆಲ್ ರೂಮ್‌ಮೇಟ್. ತೀರ್ಥಹಳ್ಳಿ ಕಡೆಯವಳು, ಮದುವೆಯಾಗಿ ಶಿವಮೊಗ್ಗದಲ್ಲೇ ಉಳಿದಳು. ಫೋನ್ ಮಾಡಿದೆ.

"ಲಾಡ್ಜಾ? ನಮ್ಮನೆ ಇಟ್ಕೊಂಡು ಲಾಡ್ಜಾ? ತಲೆ ಗಿಲೆ ಕೆಟ್ಟಿದೆಯೇನೇ ನಿಂಗೆ?"

"ನಿಮ್ಮನೇಲಿ ಉಳ್ಕೊಂಡ್ರೆ ಕಡುಬು ತಿಂದು ಮಾತಾಡೋದ್ರಲ್ಲೇ ಮಧ್ಯಾಹ್ನ ಆಗುತ್ತೆ ಕಣೇ. ನಾನು ಬೆಳಿಗ್ಗೆ ಏಳಕ್ಕೇ ಹೊರಡಬೇಕು."

"ಎಲ್ಲಿಗೆ?"

"ಶಿವಪ್ಪನಾಯಕನ ಅರಮನೆಗೆ."

"ಅಲ್ಲೇನಿದೆ ನೋಡೋಕೆ? ನಾನು ದಿನಾ ಅದರ ಮುಂದೇನೇ ಓಡಾಡ್ತೀನಿ."

ಒಳಗೆ ಯಾವಾಗ ಹೋಗಿದ್ದೆ ಅಂತ ಕೇಳಿದೆ. ಅವಳು ಮಾತು ಬದಲಾಯಿಸಿದಳು.

ಜನಶತಾಬ್ದಿಯಲ್ಲಿ ಹೋದೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ನಾವು ಓದುವಾಗಲೂ ಅದು ಮೀಟರ್ ಗೇಜೇ. ಬೀರೂರಿನಲ್ಲಿ ಇಳಿದು, ಟ್ರಂಕು ಹೊತ್ತು, ಗಾಡಿ ಬದಲಾಯಿಸುತ್ತಿದ್ದೆವು. ಈಗ ಇಳಿಯುವ ಕೆಲಸವೇ ಇಲ್ಲ. ಸೋಗಾನೆಯಲ್ಲಿ 2023ರ ಫೆಬ್ರವರಿಯಿಂದ ವಿಮಾನ ನಿಲ್ದಾಣವೂ ಇದೆ, ಕುವೆಂಪು ಹೆಸರಿನಲ್ಲಿ. ಶಾಸನ ನೋಡಲು ಹೊರಟವಳು ವಿಮಾನದಲ್ಲಿ ಹೋದರೆ ಚೆನ್ನಾಗಿರಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ರೈಲಿನ ಕಿಟಕಿ ಸೀಟು ನನಗೆ ಇಷ್ಟ.

ಕಾಲೇಜಿಗೆ ಹೋಗಿದ್ದೆನಾ? ಹೋಗಿದ್ದೆ. 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಶುರುವಾದ ಸಹ್ಯಾದ್ರಿ ಕಾಲೇಜು ತುಂಗಾ ನದಿಯ ದಂಡೆಯಲ್ಲೇ ಇದೆ. ಈಗ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದೆ. ನಮ್ಮ ಕಾಲದಲ್ಲಿ ಆ ವಿಶ್ವವಿದ್ಯಾಲಯವೇ ಇರಲಿಲ್ಲ. ಅದು ಹುಟ್ಟಿದ್ದು 1987ರಲ್ಲಿ. ನಮ್ಮದು ಮೈಸೂರು ವಿಶ್ವವಿದ್ಯಾಲಯದ ಡಿಗ್ರಿ, ಸರ್ಟಿಫಿಕೇಟಿನ ಮೇಲೆ ಗಂಡಭೇರುಂಡದ ಲಾಂಛನ. ಗೇಟಿನ ಒಳಗೆ ಒಂದು ಸುತ್ತು ಹಾಕಿ, ಸೇತುವೆಯ ಮೇಲೆ ಪೇಟೆ ಕಡೆ ನಡೆದೆ. ಮಳೆಗಾಲದಲ್ಲಿ ಕ್ಲಾಸ್ ಬಿಟ್ಟು ಹೊಳೆ ನೋಡಲು ಓಡುತ್ತಿದ್ದೆವು. ಕೋರ್ಪಲಯ್ಯನ ಛತ್ರದ ಹತ್ತಿರ ನೀರಲ್ಲಿರುವ ಮಂಟಪ ಮುಳುಗಿತಾ ಇಲ್ಲವಾ ಅನ್ನುವುದೇ ಇಡೀ ಊರಿನ ಮಳೆ ಅಳತೆ. ಮಂಟಪ ಮುಳುಗಿತು ಅಂದರೆ ತುಂಗೆ ತುಂಬಿದಳು ಅಂತ ಲೆಕ್ಕ. ಈಗಲೂ ಜನ ಹಾಗೇ ಹೇಳುತ್ತಾರೆ, ಮೊಬೈಲಿನಲ್ಲಿ ಅದರ ಫೋಟೋ ಕಳಿಸುತ್ತಾರೆ. ಕಾಲೇಜಿನ ವಿಷಯ ಇಷ್ಟು ಸಾಕು.

ಅರಮನೆಗೆ ಹೋಗುವ ಹೊತ್ತಿಗೆ ಗೆಳತಿ ಗೇಟಿನ ಮುಂದೆ ನಿಂತಿದ್ದಳು. ಕೈಯಲ್ಲಿ ಡಬ್ಬಿ. ಲಾಡ್ಜಿಗೆ ಹೋದವಳಿಗೆ ಕಡುಬನ್ನೇ ಕಳಿಸಿದರಾಯಿತು ಅಂತ ಅವಳ ಲೆಕ್ಕ.

ಇದನ್ನು ಶಿವಪ್ಪನಾಯಕನ ಅರಮನೆ ಅಂತ ಕರೆದರೂ, ಈಗಿರುವ ಕಟ್ಟಡ ಹದಿನೆಂಟನೇ ಶತಮಾನದ್ದು, ಹೈದರಾಲಿಯ ಕಾಲದ್ದು ಅನ್ನುತ್ತಾರೆ. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಜಮೀನು ಅಳೆಸಿ, ಮಣ್ಣಿನ ಗುಣ ನೋಡಿ, ಕಂದಾಯ ಗೊತ್ತು ಮಾಡಿದ ಅವನ ಶಿಸ್ತು ಪದ್ಧತಿ ಮಲೆನಾಡಿನಲ್ಲಿ ಬಹಳ ಕಾಲ ನಡೆಯಿತು. ಬ್ಯಾಂಕಿನಲ್ಲಿ ಬೆಳೆಸಾಲ ಕೊಟ್ಟು, ಪಹಣಿ ನೋಡಿ ನೋಡಿ ಕಣ್ಣು ಕೆಡಿಸಿಕೊಂಡವಳು ನಾನು. ಅಂಥವಳಿಗೆ ಈ ರಾಜನ ಮೇಲೆ ಗೌರವ ಜಾಸ್ತಿ. ಒಳಗೆ ದರ್ಬಾರ್ ಹಾಲಿನ ಮರದ ಕಂಬಗಳು ತೋಳಿಗೆ ಸಿಗದಷ್ಟು ದಪ್ಪ. ಗೆಳತಿ ಒಂದನ್ನು ತಬ್ಬಿ ನೋಡಿದಳು. "ನಮ್ಮೂರಿನ ಹಳೇ ಮನೇಲೂ ಇಷ್ಟು ದಪ್ಪದ್ದಿಲ್ಲ" ಅಂತ ಒಪ್ಪಿಕೊಂಡಳು.

ನನಗೆ ಬೇಕಾದದ್ದು ಹೊರಗಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಗಳು. ವೀರಗಲ್ಲು, ಮಾಸ್ತಿಕಲ್ಲು, ಶಾಸನ. ಗೆಳತಿ ಸಾಲನ್ನು ಒಮ್ಮೆ ನೋಡಿ, ಎಲ್ಲ ಒಂದೇ ಥರ ಇವೆ ಅಂದಳು. ಅಲ್ಲಿಂದ ನನ್ನ ಪಾಠ ಶುರುವಾಯಿತು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗಿನದರಲ್ಲಿ ಜಗಳ: ಕತ್ತಿ, ಬಿಲ್ಲು, ಕೆಲವು ಸಲ ಕುದುರೆ. ಅಲ್ಲಿ ಹಸುಗಳು ಕಂಡರೆ ಅದು ತುರುಗೋಳು. ಶತ್ರುಗಳು ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ಕಲ್ಲು. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಅವರಿರುವವರೆಗೂ ಇವನ ಹೆಸರಿರಲಿ ಅಂತ. ಪಟ್ಟಿಕೆಗಳ ನಡುವಿನ ಸಣ್ಣ ಅಂಚಿನಲ್ಲಿ ಅಕ್ಷರ ಕೆತ್ತಿರುತ್ತಾರೆ. ಮಾಸ್ತಿಕಲ್ಲಿನಲ್ಲಿ ಮೇಲೆತ್ತಿದ ಒಂದು ತೋಳು, ಅದರ ತುಂಬಾ ಬಳೆ. ಗಂಡನ ಚಿತೆ ಏರಿದವಳ ಕಲ್ಲು. ಗೆಳತಿ ಆ ಬಳೆಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. "ಅವನಿಗೆ ಅಪ್ಸರೆ ಬಂದ್ರು. ಇವಳಿಗೆ ಬರೀ ಕೈಯಾ?" ಅಂದಳು. ಪುಸ್ತಕದಲ್ಲಿ ಇದಕ್ಕೆ ಉತ್ತರ ನಾನು ಓದಿರಲಿಲ್ಲ.

ಅಕ್ಷರ ಓದುವುದು ಅಷ್ಟು ಸುಲಭವಲ್ಲ. ಕಲ್ಲು ಸವೆದಿರುತ್ತದೆ, ಪಾಚಿ ಹತ್ತಿರುತ್ತದೆ. ಕೌಂಟರಿನಲ್ಲಿ ಕೂತು ಚೆಕ್ಕಿನ ಸಹಿ ತಾಳೆ ನೋಡಿದ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು. ಇಡೀ ಸಹಿ ನೋಡಬಾರದು, ಒಂದು ತಿರುವು ಹಿಡಿದು ಹೋಗಬೇಕು. ಅಲ್ಲಿದ್ದ ಕಾವಲುಗಾರರು ನನ್ನ ಪರದಾಟ ನೋಡಿ ಹತ್ತಿರ ಬಂದರು. "ಮೇಡಂ, ಈಗ ಬಿಸಿಲು ನೆತ್ತಿಗೆ ಬಂದಿದೆ. ಬೆಳಿಗ್ಗೆ ಬೇಗ ಬನ್ನಿ, ಇಲ್ಲ ಸಂಜೆ ಬನ್ನಿ. ಓರೆ ಬಿಸಿಲಿಗೆ ಅಕ್ಷರ ಎದ್ದು ಕಾಣುತ್ತೆ" ಅಂದರು. ಮೇಷ್ಟ್ರು ಹೇಳಿದ್ದೂ ಇದನ್ನೇ. ನೆರಳಿನಲ್ಲಿರುವ ಕಲ್ಲಿಗಾದರೆ ಟಾರ್ಚನ್ನು ಎದುರಿಗೆ ಹಿಡಿಯದೆ ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಬೇಕು. ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಬಿಡಿಸಿಕೊಳ್ಳುತ್ತದೆ. ಕೆಲವರು ಸುಣ್ಣದಕಡ್ಡಿ ಉಜ್ಜುತ್ತಾರೆ, ವಿಭೂತಿ ಬಳಿಯುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ಸಾವಿರ ವರ್ಷ ಮಳೆ ತಿಂದು ಉಳಿದ ಕಲ್ಲು, ನಮ್ಮ ಒಂದು ಫೋಟೋಗಾಗಿ ಹಾಳಾಗುವುದು ಬೇಡ.

ಗೆಳತಿ ಟಾರ್ಚ್ ಹಿಡಿದಳು. ನಾನು ಓದಿದೆ. "ಸ್ವಸ್ತಿ" ಬಂತು. ಒಂದು ಕಲ್ಲಿನಲ್ಲಿ "ಶ್ರೀ"ಯ ಮುಂದಿನದು ಒಡೆದು ಹೋಗಿತ್ತು. ಅಷ್ಟಕ್ಕೇ ನನಗೆ ಪರೀಕ್ಷೆ ಪಾಸಾದಷ್ಟು ಖುಷಿ.

ಹೊಸಹಳ್ಳಿಯ ಸಂಜೆಯ ವಿಷಯ ಹೇಳಬೇಕು. ತುಂಗೆಯ ಒಂದು ದಡದಲ್ಲಿ ಮತ್ತೂರು, ಎದುರು ದಡದಲ್ಲಿ ಹೊಸಹಳ್ಳಿ. ಸಂಸ್ಕೃತ ಮಾತಾಡುವ ಊರು ಅಂತ ಮತ್ತೂರಿಗೆ ಎಲ್ಲ ಕಡೆ ಹೆಸರು. ವಿಡಿಯೋ ಮಾಡುವವರು ಬಂದು, ಇಲ್ಲಿ ಸೊಪ್ಪು ಮಾರುವವರಿಗೂ ಸಂಸ್ಕೃತವೇ ಅಂತ ಹೇಳಿ ಹೋಗುತ್ತಾರೆ. ಹೋಗಿ ಕೂತು ಕೇಳಿದರೆ ಮನೆಯೊಳಗಿನ ಮಾತು ಬಹಳ ಕಡೆ ಸಂಕೇತಿ, ಬೀದಿಯಲ್ಲಿ ಕನ್ನಡ, ಪಾಠಶಾಲೆಯಲ್ಲಿ ಸಂಸ್ಕೃತ. ಮೂರನ್ನೂ ಸಲೀಸಾಗಿ ಆಡುತ್ತಾರಲ್ಲ, ನನಗೆ ಅದೇ ದೊಡ್ಡದು ಅನ್ನಿಸಿತು.

ಹೊಸಹಳ್ಳಿ ಗಮಕದ ಊರು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಇಲ್ಲಿಯವರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಕಾಲೇಜಿನಲ್ಲಿದ್ದಾಗ ಕನ್ನಡ ಲೆಕ್ಚರರು ಹಾಜರಿ ಹಾಕಿ ನಮ್ಮನ್ನು ಕರ್ನಾಟಕ ಸಂಘಕ್ಕೆ ಗಮಕ ಕೇಳಲು ಕಳಿಸಿದ್ದರು. ಹಿಂದಿನ ಬಾಗಿಲಿನಿಂದ ಜಾರಿಕೊಂಡು ಸಿನಿಮಾಕ್ಕೆ ಹೋಗಿದ್ದೆವು. ಈ ಸಲ ಗೆಳತಿಯ ಪರಿಚಯದವರ ಮನೆಯಲ್ಲಿ, ಚಾಪೆಯ ಮೇಲೆ ಕೂತು ಕುಮಾರವ್ಯಾಸ ಭಾರತ ಕೇಳಿದೆವು. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಹಾಡಿಗೆ ತಾಳ ಬೇಕು. ಗಮಕಕ್ಕೆ ತಾಳದ ಹಂಗಿಲ್ಲ. ರಾಗ ಬರುವುದು ಪದ್ಯದ ಭಾವಕ್ಕೆ ತಕ್ಕಂತೆ. ಕೋಪಕ್ಕೊಂದು, ಅಳುವಿಗೊಂದು. ಭಾಮಿನಿ ಷಟ್ಪದಿಯ ಸಾಲಿನಲ್ಲಿ ಒಂದಕ್ಕೊಂದು ಅಂಟಿದ ಪದಗಳನ್ನು ವಾಚಕರು ಎಲ್ಲಿ ಬಿಡಿಸುತ್ತಾರೆ ಅನ್ನುವುದರಲ್ಲೇ ಅರ್ಧ ಅರ್ಥ ಗೊತ್ತಾಗಿಬಿಡುತ್ತದೆ.

ಚಹಾ ಕುಡಿಯುವಾಗ ಅವರನ್ನು ಕೇಳಿದೆ, ಶಾಸನದಲ್ಲೂ ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ, ನಾನು ಎಲ್ಲಿ ಬಿಡಿಸಲಿ ಅಂತ. "ಗಟ್ಟಿಯಾಗಿ ಓದಿ ತಾಯೀ. ಕಣ್ಣಿಗೆ ಸಿಗದೇ ಇದ್ದದ್ದು ಕಿವಿಗೆ ಸಿಗತ್ತೆ" ಅಂದರು. ನಮ್ಮ ತರಗತಿಯಲ್ಲಿ ಯಾರೂ ಹೇಳದ ಉಪಾಯ ಇದು. ಮುಂದೆ ಕೆಲಸಕ್ಕೆ ಬಂತು.

ಅಷ್ಟು ಹೊತ್ತೂ ನನಗೆ ಪಾಠ ಹೇಳುವ ಸರದಿ ಇತ್ತಲ್ಲ, ವಾಪಸ್ ಬರುವ ದಾರಿಯಲ್ಲಿ ಅದು ಗೆಳತಿಗೆ ಹೋಯಿತು. ನವೆಂಬರ್ ಅಂದರೆ ಅಡಿಕೆ ಸುಗ್ಗಿ. ಒಂದು ಮನೆಯಂಗಳದಲ್ಲಿ ಹಂಡೆ ಕುದಿಯುತ್ತಿತ್ತು, ಗಾಳಿಯಲ್ಲಿ ಒಗರು ವಾಸನೆ. ಇಷ್ಟು ವರ್ಷ ಕೆಂಪಡಿಕೆಗೆ ಕೆಂಪು ಬಣ್ಣ ಎಲ್ಲಿಂದ ಬರುತ್ತದೆ ಅಂತ ನಾನು ಕೇಳಿರಲೇ ಇಲ್ಲ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಬಿಡುವ ರಸವೇ ಚೊಗರು. ಅದನ್ನು ಇಟ್ಟುಕೊಂಡು ಬೆಂದ ಅಡಿಕೆಗೆ ಬಣ್ಣ ಕೊಡುತ್ತಾರೆ. ಆಮೇಲೆ ಒಣಗಿಸುವುದು. ಮಂಡಿಗೆ ಹೋದ ಮೇಲೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ. ಎಳೆಯದಾದ ಹಸಕ್ಕೆ ಎಲ್ಲಕ್ಕಿಂತ ಜಾಸ್ತಿ ರೇಟು, ಗೊರಬಲಿಗೆ ಕಡಿಮೆ. ಇದನ್ನೆಲ್ಲ ಅವಳು ಕಾರಿನಲ್ಲಿ ಒಂದೇ ಸಮನೆ ಹೇಳಿದಳು. ಇಲ್ಲೇನಿದೆ ನೋಡೋಕೆ ಅಂತ ಕೇಳಿದವಳು ಇವಳೇ.

ಕೂಡ್ಲಿಗೂ ಹೋದೆವು. ತುಂಗೆಯೂ ಭದ್ರೆಯೂ ಸೇರುವ ಜಾಗ, ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ. ಜನ ಬಹಳ ಇದ್ದರು, ಬೇಗ ಹೊರಟೆವು.

ತಾಳಗುಂದಕ್ಕೆ ಬೆಳಿಗ್ಗೆ ಕತ್ತಲಿರುವಾಗಲೇ ಬಾಡಿಗೆ ಕಾರಿನಲ್ಲಿ ಹೊರಟೆವು. ಸವಳಂಗ, ಶಿಕಾರಿಪುರ, ಶಿರಾಳಕೊಪ್ಪ. ಓರೆ ಬಿಸಿಲು ಸಿಗಬೇಕು ಅನ್ನುವ ಹಟ ಈಗ ಗೆಳತಿಗೇ ಜಾಸ್ತಿಯಾಗಿತ್ತು. ಪ್ರಣವೇಶ್ವರ ದೇವಸ್ಥಾನದ ಮುಂದೆ ಕಂಬ ನಿಂತಿದೆ. ಎಂಟು ಮುಖದ ಕಂಬ, ಎತ್ತರ ಐದು ಅಡಿಗಿಂತ ಸ್ವಲ್ಪ ಜಾಸ್ತಿ. ರೈಸ್ ಇದನ್ನು ಪತ್ತೆ ಮಾಡಿದ್ದು 1894ರಲ್ಲಿ. ಪುಸ್ತಕದಲ್ಲಿ ಶಿಕಾರಿಪುರ 176 ಅಂತ ಇದರ ನಂಬರು. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ಬರೆದ ಪದ್ಯಗಳು, ಐದನೇ ಶತಮಾನದವು. ಅಕ್ಷರದ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯ ಥರದ ಗುರುತು.

ನನಗೆ ಮೊದಲು ತಲೆಬುಡ ಗೊತ್ತಾಗಲಿಲ್ಲ. ಆಮೇಲೆ ಮೇಷ್ಟ್ರ ಮಾತು ನೆನಪಾಯಿತು. ಇಲ್ಲಿ ಸಾಲು ಅಡ್ಡಕ್ಕಿಲ್ಲ, ಉದ್ದಕ್ಕಿದೆ. ಕಂಬದ ಬುಡದಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಕತ್ತು ಓರೆ ಮಾಡಿ ನಿಲ್ಲಬೇಕು. ಇಬ್ಬರು ಅರವತ್ತರ ಹೆಂಗಸರು ತಲೆಯನ್ನು ಭುಜಕ್ಕೆ ತಾಗಿಸಿಕೊಂಡು ಕಂಬ ಸುತ್ತುವುದನ್ನು ನೋಡಿ ಡ್ರೈವರ್ ಹುಡುಗ ನಗು ತಡೆದುಕೊಂಡ. ನನಗೆ ಇಲ್ಲಿ ಸಿಕ್ಕಿದ್ದು ಬಿಡಿ ಬಿಡಿ ಅಕ್ಷರ ಮಾತ್ರ. ಪ್ರಿಂಟ್ ಮಾಡಿಸಿ ತಂದ ಪಾಠವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುತ್ತಾ ಹೋದೆ.

ಕಥೆಯನ್ನು ಗೆಳತಿಗೆ ಹೇಳಿದೆ. ಈ ಊರಿನ ಹುಡುಗ ಮಯೂರಶರ್ಮ. ಗುರು ವೀರಶರ್ಮನ ಜೊತೆ ಮೇಲಿನ ಓದಿಗೆ ಪಲ್ಲವರ ಕಂಚಿಗೆ ಹೋದ, ಅಲ್ಲಿನ ಘಟಿಕೆಗೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಅವಮಾನ ತಡೆಯದೆ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದ. ಕಾಡು ಸೇರಿ ಪಲ್ಲವರನ್ನು ಕಾಡಿ, ಕೊನೆಗೆ ಕದಂಬ ರಾಜ್ಯ ಕಟ್ಟಿದ.

"ಅಂದ್ರೆ ಓದು ಅರ್ಧಕ್ಕೆ ಬಿಟ್ಟ" ಅಂದಳು ಗೆಳತಿ.

"ಹಾಸ್ಟೆಲ್ ಜಗಳಕ್ಕೆ" ಅಂದೆ.

ಅಲ್ಲಿಂದ ಬಳ್ಳಿಗಾವಿ ಹತ್ತಿರವೇ. ಕೇದಾರೇಶ್ವರ ದೇವಸ್ಥಾನಕ್ಕೆ ಮೂರು ಗರ್ಭಗುಡಿ. ಎಲ್ಲರೂ ಕೆತ್ತನೆಯ ಫೋಟೋ ತೆಗೆಯುತ್ತಾರೆ, ನಾವೂ ತೆಗೆದೆವು. ನಾನು ಬಂದದ್ದು ಇಲ್ಲಿದ್ದ ಕೋಡಿಮಠದ ಸಲುವಾಗಿ. ಕಾಳಾಮುಖ ಶೈವರ ಮಠ ಅದು. 1162ರ ಶಾಸನವೊಂದು, ರೈಸ್ ಲೆಕ್ಕದಲ್ಲಿ ಶಿಕಾರಿಪುರ 102, ಅಲ್ಲಿ ಏನೇನು ಕಲಿಸುತ್ತಿದ್ದರು ಅಂತ ಪಟ್ಟಿ ಕೊಡುತ್ತದೆ. ನಾಲ್ಕು ವೇದ. ಪಾಣಿನಿ, ಶಾಕಟಾಯನ ಮೊದಲಾದ ವ್ಯಾಕರಣಗಳು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ. ಶೈವ ಮಠವಾದರೂ ಬೌದ್ಧ ದರ್ಶನವೂ ಪಟ್ಟಿಯಲ್ಲಿದೆ. ಯೋಗ, ಪುರಾಣ, ಕಾವ್ಯ, ನಾಟಕ. ಪಾಠದ ಪಟ್ಟಿ ಮುಗಿದ ಮೇಲೆ ಊಟದ ಪಟ್ಟಿ ಬರುತ್ತದೆ. ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರಿಗೆ ಊಟ. ಹಾಡುವವರು, ಕುಣಿಯುವವರಿಗೆ ಊಟ. ಬೇರೆ ಮತದ ಸನ್ಯಾಸಿಗಳಿಗೂ ಊಟ. ಕಾಯಿಲೆಯವರಿಗೆ ಔಷಧ.

ನನ್ನ ಕಾಲೇಜು ಸಹ್ಯಾದ್ರಿ ಅಂತ ಹೇಳಿಕೊಂಡು ಬದುಕಿದವಳು ನಾನು. ಅದರಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ಎಂಟು ನೂರು ವರ್ಷ ಹಳೆಯ ಕಾಲೇಜಿತ್ತು, ಮೆಸ್ಸೂ ಇತ್ತು, ಆಸ್ಪತ್ರೆಯೂ ಇತ್ತು. ನಮಗೆ ಹಿಸ್ಟರಿಯಲ್ಲಿ ನಳಂದಾ, ತಕ್ಷಶಿಲೆಯ ಮೇಲೆ ಹತ್ತು ಮಾರ್ಕಿನ ಪ್ರಶ್ನೆ ಬರುತ್ತಿತ್ತು. ಬಳ್ಳಿಗಾವಿ ಮೇಲೆ ಒಂದು ಮಾರ್ಕಿನದೂ ಬಂದ ನೆನಪಿಲ್ಲ. ಯಾಕೆ ಅಂತ ಸಿಟ್ಟು ಬರುತ್ತದೆ, ಅಲ್ವಾ?

ಊರೊಳಗೆ ಭೇರುಂಡ ಸ್ತಂಭವಿದೆ. ಚಾವುಂಡರಾಯರಸ 1047ರಲ್ಲಿ ನಿಲ್ಲಿಸಿದ್ದು. ಎರಡು ಹಕ್ಕಿತಲೆ, ಕೆಳಗೆ ಮನುಷ್ಯನ ಮೈ. ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿದ್ದ ಗಂಡಭೇರುಂಡದ ಹಿರಿಯ. ಗೆಳತಿ ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿಯ ಜೊತೆ ಜೋಳದ ರೇಟಿನ ಮಾತಿಗೆ ನಿಂತಿದ್ದಳು. ಅಜ್ಜಿ ಕೇಳಿದರು, "ಏನ್ ಬರ್ದೈತವ್ವ ಅದ್ರಾಗೆ?" ಬೋರ್ಡಿನಲ್ಲಿ ಇರುವುದನ್ನು ಹೇಳಬಹುದಿತ್ತು. ನಾನು ಹತ್ತಿರದ ಒಂದು ಶಾಸನದ ಕಲ್ಲಿನ ಮುಂದೆ ಹೋಗಿ, ಹೊಸಹಳ್ಳಿಯಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ ಓದಿದೆ. "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ..." ಚಾಲುಕ್ಯರ ಶಾಸನಗಳು ಹೀಗೇ ಶುರುವಾಗುತ್ತವೆ. ಹಾಗಾಗಿ ಅರ್ಧ ಓದು, ಅರ್ಧ ಬಾಯಿಪಾಠ. ಆದರೂ ಒಂದು ಜಾಗದಲ್ಲಿ ಪದ ಎಲ್ಲಿ ಮುರಿಯುತ್ತದೆ ಅನ್ನುವುದು ನಿಜವಾಗಿಯೂ ಕಿವಿಗೆ ಸಿಕ್ಕಿತು.

"ಮುಂದೆ?" ಅಂದರು ಅಜ್ಜಿ.

ಮುಂದಿನ ಸಾಲಿನಲ್ಲಿ ಒಂದು ಹೆಸರಿತ್ತು. ಮೊದಲ ಎರಡು ಅಕ್ಷರ ಸಿಕ್ಕಿದವು, ಮೂರನೆಯದು ಬಕಾರವೋ ಚಕಾರವೋ ಗೊತ್ತಾಗಲಿಲ್ಲ. ಗೆಳತಿ ಓಡಿ ಬಂದು ಟಾರ್ಚನ್ನು ಎಡಗಡೆಯಿಂದ ಹಿಡಿದಳು, ಆಮೇಲೆ ಬಲಗಡೆಯಿಂದ. ಬ ಅಂದಳು. ನಾನು ಚ ಅಂದೆ. ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆವು. ಶಿಕಾರಿಪುರದಲ್ಲಿ ಊಟಕ್ಕೆ ಕೂತಾಗ ಉತ್ತರ ಬಂತು: "ವ ಇರಬಹುದು. ಬಿಸಿಲು ಸರಿಯಿಲ್ಲ. ಇನ್ನೊಮ್ಮೆ ಬೆಳಿಗ್ಗೆ ಹೋಗಿ ನೋಡಿ."

ಗೆಳತಿ ಫೋನ್ ಕಿತ್ತುಕೊಂಡು ಓದಿದಳು. "ಜನವರಿಯಲ್ಲಿ ಮಂಜು ಇರುತ್ತೆ, ಫೆಬ್ರವರಿಗೆ ಬಾ" ಅಂದಳು.